ದೊಡ್ಡಮ್ಮ ಮುಟ್ಟದ ಹಂದಿ

ನನ್ನ ದೊಡ್ಡಮ್ಮ ರೋಡಾ ಒಂದು ಚೂರೂ ಹಂದಿಮಾಂಸ ಬಾಯಿಗಿಡದೆ ಕಾಡು ಉಳಿಸಿದಳು ಎಂದರೆ ನಮ್ಮ ರಾಜಧಾನಿ ಹೊನಿಯಾರಾ ಪಟ್ಟಣದವರು ನಗುತ್ತಾರೆ. ನಗಲಿ. ನಮ್ಮ ಇಸಬೆಲ್ ದ್ವೀಪದಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಬರುತ್ತದೆ. ಗಂಡಸರು ಎಷ್ಟು ಬೇಕಾದರೂ ಮಾತಾಡಬಹುದು, ಕೊಡುವ ಹಕ್ಕು ಹೆಂಗಸರದು. ನಮ್ಮ ಕುಲಕ್ಕೆ ಹಿರಿಯಳು ದೊಡ್ಡಮ್ಮ. ಔತಣದಲ್ಲಿ ಮೊದಲ ತುತ್ತು ಅವಳದೇ. ಅತಿಥಿ ತಂದ ಹಂದಿಯನ್ನು ಅವಳು ತಿಂದರೆ, ಅವನು ಕೇಳಿದ್ದನ್ನು ಕೊಟ್ಟಂತೆ. ಆಮೇಲೆ ತಕರಾರಿಲ್ಲ.

ಇದು ನಮ್ಮ ಸಂಸದನಿಗೂ ಗೊತ್ತಿತ್ತು. ಎಷ್ಟಾದರೂ ಈ ದ್ವೀಪದವನೇ, ಕಳ್ಳ! ಹಿಂದೆ ನಮ್ಮೂರಿಗೊಂದು ಆಸ್ಪತ್ರೆ ಎಂದು ಸರ್ಕಾರದಿಂದ ಹಣ ತಂದು, ನಾಲ್ಕು ಕಂಬ ನೆಟ್ಟು ಹೋದ. ಹೊನಿಯಾರಾದಲ್ಲಿ ಅವನ ಮನೆಗೆ ಮಾತ್ರ ಮಹಡಿ ಮೇಲೆ ಮಹಡಿ ಎದ್ದಿತು. ಈ ಸಲ ಮರದ ಕಂಪನಿಯವರನ್ನು ಕಟ್ಟಿಕೊಂಡು, ಒಂದು ಹಂದಿಯನ್ನೂ ತಗಡಿನ ರಾಶಿಯನ್ನೂ ಹೇರಿಕೊಂಡು ದೋಣಿಯಲ್ಲಿ ಬಂದ. ಮನೆಮನೆಗೂ ಸೂರಿಗೆ ತಗಡು ಕೊಡುತ್ತೇನೆ, ಗುಡ್ಡದ ಕಾಡು ಕಡಿಯಲು ಬಿಡಿ ಎಂದ. ಆ ಕಾಡಿನ ಬುಡದಲ್ಲೇ ನಮ್ಮ ಒರತೆ. ಪಕ್ಕದ ಊರಿನವರು ಹೀಗೇ ಕಾಡು ಕೊಟ್ಟು, ಹೊಳೆ ಕೆಸರಾಗಿ, ಈಗ ನೀರಿಗೆ ನಮ್ಮಲ್ಲಿಗೆ ಬರುತ್ತಾರೆ.

ಬಿಸಿಕಲ್ಲಿನ ಮೇಲೆ ಬೆಂದ ಹಂದಿ ಘಮಘಮಿಸುತ್ತಿತ್ತು. ಊರೆಲ್ಲ ಎಲೆ ಮುಂದೆ ಕೂತಿತ್ತು. ದೊಡ್ಡಮ್ಮ ಕೈ ಚಾಚಲಿಲ್ಲ. ಅವಳ ತಮ್ಮ, ನನ್ನ ಸೆಲ್ವಿನ್ ಮಾವನಿಗೆ ತಗಡಿನ ಆಸೆ.

"ಅಕ್ಕಾ, ನಮ್ಮನೆ ಸೋರುತ್ತೆ. ಒಂದ್ ಚೂರು ಬಾಯಿಗೆ ಹಾಕ್ಕೋ, ಸಾಕು" ಎಂದು ಗೋಗರೆದ.

"ಸೋರ್ಲಿ ಬಿಡು. ಸೋರಿದ್ ನೀರಾದ್ರೂ ಕುಡೀಬೋದು."

ಆಮೇಲೆ ಸಂಸದನ ಕಡೆ ತಿರುಗಿದಳು. "ನೋಡಪ್ಪಾ, ಮೊದ್ಲು ಆ ಕಂಬದ ಮೇಲೆ ಸೂರು ಹಾಕು. ನರ್ಸಮ್ಮನ್ನ ಕರ್ಕೊಂಡ್ ಬಾ, ನಮ್ಮನೆ ಹಂದೀನೇ ಬೇಯ್ಸಿ ಅವಳ ಜೊತೆ ಕೂತು ಉಣ್ತೀನಿ. ಕಾಡು ಮಾತ್ರ ಆಗ್ಲೂ ಕೊಡಲ್ಲ."

ಮಧ್ಯಾಹ್ನ ದಾಟಿತು. ಮಕ್ಕಳು ಅತ್ತವು, ನೊಣ ಮುತ್ತಿದವು, ಒಬ್ಬರೂ ಹಂದಿ ಮುಟ್ಟಲಿಲ್ಲ. ಕೊನೆಗೆ ಸೆಲ್ವಿನ್ ಮಾವನೇ ಎದ್ದು ಅದನ್ನು ಎಲೆಯಲ್ಲಿ ಸುತ್ತಿ ಅವರ ದೋಣಿಗೆ ಹಾಕಿ ಬಂದ. ತಗಡೂ ಅದೇ ದೋಣಿಯಲ್ಲಿ ವಾಪಸು ಹೋಯಿತು. ಆವತ್ತು ನನಗೆ ಎಷ್ಟು ಹಸಿವಾಗಿತ್ತೋ ಅಷ್ಟೇ ಹೆಮ್ಮೆಯಾಗಿತ್ತು.

ಹೋದ ವರ್ಷ ದೊಡ್ಡಮ್ಮನಿಗೆ ಎದೆನೋವು ಬಂತು. ಆಸ್ಪತ್ರೆಗೆ ಅರ್ಧ ದಿನದ ಕಡಲ ದಾರಿ. ನಡುದಾರಿಯಲ್ಲೇ, ನನ್ನ ತೊಡೆಯ ಮೇಲೆ, ಜೀವ ಬಿಟ್ಟಳು. ಆ ಕಂಬಗಳನ್ನು ಕಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಅವಳನ್ನು ಮೀಯಿಸಲು ಅವಳೇ ಉಳಿಸಿದ ಒರತೆಯಿಂದ ನೀರು ಹೊತ್ತು ತಂದವರು ಪಕ್ಕದ ಊರಿನ ಹೆಂಗಸರು. ನಮ್ಮವರನ್ನು ನೀರಿನ ಕ್ಯಾನು ಮುಟ್ಟಲೂ ಬಿಡಲಿಲ್ಲ.