ಹೆಗಲಿಗೆ ನಕ್ಷತ್ರ ತೊಡಿಸಿದ ಮಾವ

ಸೇನೆಗೆ ಅಧಿಕಾರಿಯಾಗಿ ಆಯ್ಕೆಯಾದ ಸುದ್ದಿ ಬಂದಾಗ ನಾನು ಪರ್ಕಳದ ಬಾಡಿಗೆ ಕೋಣೆಯಲ್ಲಿದ್ದೆ. ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಗಾಬರಿಯಿಂದ ಮೇಲೆ ಓಡಿ ಬಂದರು. ಕಾಪುವಿನ ನಮ್ಮ ಕಡಲ ಬದಿಯಿಂದ ಹೀಗೆ ಅಧಿಕಾರಿಯಾದ ಹೆಣ್ಣು ನನಗಿಂತ ಮೊದಲು ಯಾರೂ ಇರಲಿಲ್ಲ. ಮಣಿಪಾಲದಲ್ಲಿ ಓದುವಾಗ ಎನ್‌ಸಿಸಿ ಪರೇಡಿಗೆಂದು ನಿದ್ದೆ ಕೆಡಿಸಿಕೊಂಡದ್ದು ಕೊನೆಗೂ ಸಾರ್ಥಕವಾಯಿತು.

ಅಪ್ಪ, ಅಮ್ಮ ಹಿಗ್ಗಿದರು. ಆದರೆ ನಮ್ಮದು ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಮನೆ. ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ಮಾವ ಹೆಜಮಾಡಿಯಲ್ಲಿ ಮೀನಿನ ದೋಣಿ ಇಟ್ಟುಕೊಂಡವರು. ಸಿಕ್ಕಿದ ಬಸ್ಸು ಹತ್ತಿ ಅಲ್ಲಿಗೆ ಓಡಿದೆ.

"ಸೇನೆಯಲ್ಲಿ ಎಂತ ಉಂಟು ನಿನಗೆ? ನಿನ್ನ ತಮ್ಮಂದಿರು ಹೋಗಲಿ, ಬೇಡ ಅನ್ನುವುದಿಲ್ಲ. ಈ ಕುಟುಂಬ ಮುಂದುವರಿಸಲಿಕ್ಕೆ ಹೆಣ್ಣು ಅಂತ ಇರುವುದು ನೀನೊಬ್ಬಳೇ. ನಿನಗೆ ಏನಾದರೂ ಆದರೆ ಕುಟುಂಬವೇ ಮುಗಿಯಿತಲ್ವಾ ಮಾರಾಯ್ತಿ?" ಎಂದರು ಮಾವ.

ಬೇರೆಯವರ ಮನೆಯಲ್ಲಿ ವಂಶ ಬೆಳಗುವ ಮಗನನ್ನು ತಡೆಯುತ್ತಾರೆ, ನಮ್ಮಲ್ಲಿ ಮಗಳನ್ನು! ನಗುವೂ ಬಂತು, ಮೈಯೂ ಉರಿಯಿತು.

"ಹಾಗಾದರೆ ನನ್ನನ್ನು ಉಪ್ಪು ಹಾಕಿ ಭರಣಿಯಲ್ಲಿ ಇಡಿ," ಎಂದುಬಿಟ್ಟೆ.

ಮಾವ ಹೋಗು ಎನ್ನಲಿಲ್ಲ. ನಾನು ನಿಲ್ಲಲಿಲ್ಲ.

ಚೆನ್ನೈಯಲ್ಲಿ ನನ್ನ ತರಬೇತಿ ಮುಗಿಯುವವರೆಗೂ ಅವರು ನನ್ನ ಫೋನ್ ಎತ್ತಲಿಲ್ಲ. ಬೆನ್ನಿಗೆ ಭಾರ ಹೊತ್ತು ಓಡಿ ಕಾಲು ಸೋಲುತ್ತಿತ್ತು, ಮನಸ್ಸು ಮಾತ್ರ ಹಾರುತ್ತಿತ್ತು. ಅಷ್ಟು ಇಷ್ಟವಾಗಿತ್ತು ನನಗೆ ಆ ಬದುಕು. ಆದರೆ ಅಮ್ಮನ ಜೊತೆ ಮಾತಾಡಿದಾಗಲೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: "ಮಾವ ಎಂತ ಹೇಳಿದರು?"

"ಎಂತದೂ ಇಲ್ಲ," ಎನ್ನುತ್ತಿದ್ದರು ಅಮ್ಮ.

ಕೊನೆಯ ದಿನದ ಪರೇಡಿಗೆ ಚೆನ್ನೈಗೆ ಅಪ್ಪ, ಅಮ್ಮ ಬಂದರು. ಅವರ ಹಿಂದೆ, ಇಸ್ತ್ರಿ ಹಾಕಿದ ಬಿಳಿ ಪಂಚೆಯಲ್ಲಿ, ಮಾವ! ಹೊಸ ಅಧಿಕಾರಿಯ ಹೆಗಲಿಗೆ ನಕ್ಷತ್ರ ತೊಡಿಸುವವರು ತಂದೆತಾಯಿ. ನನ್ನ ಸರದಿಗೆ ಅಪ್ಪ, ಯಾರೂ ಹೇಳದೆಯೇ, ಒಂದು ಹೆಜ್ಜೆ ಹಿಂದೆ ಸರಿದರು.

"ಭಾವ, ಇದು ನೀವು ಮಾಡಬೇಕಾದದ್ದು."

ತಂದೆ ಇಲ್ಲೇ ಇರುವಾಗ ಇವರು ಯಾರು ಎಂದು ಪಕ್ಕದಲ್ಲಿದ್ದ ಅಧಿಕಾರಿ ಕಣ್ಣು ಕಣ್ಣು ಬಿಟ್ಟರು. ನಮ್ಮ ಮನೆಯ ಕಾನೂನು ಅವರಿಗೆ ಹೇಗೆ ತಿಳಿಯಬೇಕು!

ಒಂದು ಹೆಗಲಿಗೆ ಅಮ್ಮ, ಇನ್ನೊಂದಕ್ಕೆ ಮಾವ. ನಕ್ಷತ್ರ ತೊಡಿಸಿದ ಮಾವ ನನ್ನ ಹೆಗಲು ತಟ್ಟಿದರು.

"ನನ್ನ ಹೆದರಿಕೆ ಹೋಗಲಿಲ್ಲ, ಮಗಾ," ಎಂದರು ಮೆಲ್ಲಗೆ. "ಆದರೂ ನೀನು ಹೋಗು."

ತರಬೇತಿಯಲ್ಲಿ ಒಮ್ಮೆಯೂ ಅಳದವಳು, ಆ ಮೈದಾನದಲ್ಲಿ, ಸಮವಸ್ತ್ರದಲ್ಲೇ, ಗೊಳೋ ಎಂದು ಅತ್ತುಬಿಟ್ಟೆ.