ಬೋರ್‌ವೆಲ್ ಕಮಿಟಿಗೆ ನನ್ನ ರಾಜೀನಾಮೆ

ಹಿಂದೂಪುರದ ಸೋದರತ್ತೆಯ ಮನೆಯಲ್ಲಿ ಆ ಮಧ್ಯಾಹ್ನ ಮೂವರಿದ್ದೆವು: ಮಗ್ಗದಲ್ಲಿ ಅತ್ತೆಯ ಮಗ, ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಅತ್ತೆ, ಕೆಲಸವಿಲ್ಲದೆ ಮಾತಾಡುತ್ತಿದ್ದ ನಾನು. ಕುರ್ಚಿ ಉಳಿಸಿಕೊಳ್ಳಲು ಪಕ್ಷ ಬದಲಿಸಿದ ಲೀಡರೊಬ್ಬನನ್ನು ಬೈಯುತ್ತ, "ತತ್ವ ಇರೋನು ಕುರ್ಚಿಗೆ ಅಂಟ್ಕೊಳ್ಳಲ್ಲ ಕಣತ್ತೆ" ಎಂದೆ.

"ಕಲ್ಯಾಣದುರ್ಗದಾಗೆ ನಿಮ್ ಬೀದಿ ಬೋರ್‌ವೆಲ್ ಕಮಿಟಿಗೆ ಆರು ವರ್ಷದಿಂದ ನೀನೇ ಪ್ರೆಸಿಡೆಂಟು. ದಿನಾ ಎದ್ದು ನೀರು ಬಿಡೋಳು ಎದುರುಮನೆ ಟೀಚರಮ್ಮ. ನಿನ್ ಕುರ್ಚಿಗೇನು ಗೋಂದು ಹಚ್ಚವ್ರಾ ನಾಯ್ನಾ?" ಎಂದಳು ಅತ್ತೆ.

"ನಾನ್ ಬಿಡ್ತೀನಂದ್ರೂ ಜನ ಬಿಡಲ್ಲತ್ತೆ" ಎಂದೆ. ಆ ಲೀಡರೂ ಇದನ್ನೇ ಹೇಳಿದ್ದನೆಂದು ಆಮೇಲೆ ನೆನಪಾಯಿತು.

ನಾಚಿಕೆಯಾಗಿ ಊರಿಗೆ ಬಂದವನೇ ರಾಜೀನಾಮೆ ಬರೆದೆ, ತತ್ವಕ್ಕಾಗಿ ಎಂದೇ ಬರೆದೆ. ನಿಜ ಹೇಳಬೇಕೆಂದರೆ, ಬೀದಿಯವರು ಕೈಹಿಡಿದು ಬೇಡವೆನ್ನುತ್ತಾರೆ, ಅದನ್ನು ಅತ್ತೆಗೆ ಫೋನಿನಲ್ಲಿ ಹೇಳಬಹುದು ಎಂಬ ಆಸೆಯಿತ್ತು. ಅದಕ್ಕೇ ಮೀಟಿಂಗಿನಲ್ಲಿ ಸಾಲು ಸಾಲಿಗೂ ನಿಲ್ಲಿಸಿ, ಎಲ್ಲರ ಮುಖ ನೋಡುತ್ತ ಓದಿದೆ.

"ಮಂಚಿದಣ್ಣಾ, ಒಳ್ಳೇದಾಯ್ತು, ಇನ್ನಾದ್ರೂ ರೆಸ್ಟ್ ತಗೋ" ಎಂದ ಪಕ್ಕದ ಮನೆಯವನು. ಎಲ್ಲರೂ ಚಪ್ಪಾಳೆ ತಟ್ಟಿ ಟೀಚರಮ್ಮನನ್ನು ಪ್ರೆಸಿಡೆಂಟ್ ಮಾಡಿದರು.

ಮರುದಿನ ಬೆಳಿಗ್ಗೆ ನೀರು ಎಂದಿನ ಹೊತ್ತಿಗೇ ಬಂತು. ಆರು ವರ್ಷದಲ್ಲಿ ಮೊದಲ ಸಲ ನಾನೂ ಬಿಂದಿಗೆ ಹಿಡಿದು ಸಾಲಿನ ಕೊನೆಯಲ್ಲಿ ನಿಂತೆ.