ಹೊರಗಿನವರಿಗೆ ಕೊಡುವ ನೀರು

ಪುಣೆಯ ಧನಕವಡಿಯ ಆ ಓಣಿಗೆ ನಾನು ಮೊದಲ ಸಲ ಹೋದಾಗ ಮಳೆ ಬರುತ್ತಿತ್ತು ಎಂದು ನನ್ನ ನೆನಪು. ನನ್ನ ಜೊತೆ ಕೆಲಸ ಮಾಡುವ ಯೋಜನಾ ಸಹಾಯಕಿ ಇದನ್ನು ಒಪ್ಪುವುದಿಲ್ಲ. ಅವತ್ತು ಬಿಸಿಲಿತ್ತು, ನಾನು ಅವಳ ಕೊಡೆಯನ್ನು ಬಿಸಿಲಿಗೇ ಹಿಡಿದಿದ್ದೆ ಎನ್ನುತ್ತಾಳೆ. ಕೊಡೆ ಇತ್ತು ಎನ್ನುವುದಷ್ಟೇ ಇಬ್ಬರಿಗೂ ಒಪ್ಪಿಗೆ. ಮೊದಲಾಗಿದ್ದರೆ ಇಂಥ ಸಣ್ಣ ಸಂಗತಿಗೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಇಂಥವೇ ಬೇಕಾಗಿವೆ, ಒಂದೂ ಸರಿಯಾಗಿ ಸಿಗುತ್ತಿಲ್ಲ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಧಾರವಾಡದಲ್ಲಿ ಓದಿ, ಪುಣೆಗೆ ಬಂದು ಇಲ್ಲಿಯವನೇ ಆದೆ. ಹಾಲು ಕಾದಿದೆ ಎಂದು ಹೆಂಡತಿ ಹೇಳಿದರೂ ಪಾತ್ರೆ ಮುಟ್ಟಿ ನೋಡುವ ಜಾತಿ. ಅಂಥವನಿಗೆ ಒಂದು ಪ್ರತಿಷ್ಠಾನದಿಂದ ಅನುದಾನ ಸಿಕ್ಕಿತು. ಜನರನ್ನು ಸೇರಿಸಿಕೊಂಡು ನಡೆಸುವ ವಿಜ್ಞಾನಕ್ಕೆ ಅವರು ಹಣ ಕೊಡುತ್ತಾರೆ. ಓಣಿಯ ನೀರನ್ನು ಒಂದು ವರ್ಷ ಪರೀಕ್ಷಿಸಬೇಕು. ನೀರು ಕೆಟ್ಟಿದೆ ಎಂದು ಸಾಬೀತಾದರೆ ಎರಡನೆಯ ವರ್ಷದ ಅನುದಾನದಲ್ಲಿ ಓಣಿಗೆ ನೀರು ಶುದ್ಧಮಾಡುವ ಯಂತ್ರ ಬರುತ್ತದೆ. ಸಹಾಯಕಿಯ ಸಂಬಳವೂ ಅದೇ ಅನುದಾನದ್ದು.

ಓಣಿ ಗುಡ್ಡದ ಇಳಿಜಾರಿನಲ್ಲಿದೆ. ಕಾರ್ಪೊರೇಷನ್ ನೀರು ಅಲ್ಲಿಗೆ ಏರುವುದಿಲ್ಲ. ನಾಲ್ಕಾರು ಮನೆಗೊಂದು ಬೋರ್‌ವೆಲ್; ಅದರ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಸ್ಟೀಲ್ ಪಾತ್ರೆಯ ತಳಕ್ಕೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಓಣಿಯ ಹೆಚ್ಚಿನ ಮನೆಗಳು ನಮ್ಮ ಕಡೆಯವರವು: ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟವರು, ಆಫೀಸುಗಳಲ್ಲಿ ಗುಮಾಸ್ತರಾದವರು. ಎಲ್ಲರಿಗೂ ಹಿರಿಯರು ಮೂಲೆಮನೆಯ ಮಾವಶಿ; ಮರಾಠಿಯಲ್ಲಿ ಚಿಕ್ಕಮ್ಮ, ಓಣಿಗೆಲ್ಲ ಅದೇ ಹೆಸರು. ಯಂತ್ರ ಬರುತ್ತದೆ ಎಂದು ಕೇಳಿದ್ದೇ ತಡ, ಗೇಟಿನ ಪಕ್ಕ ಜಾಗ ಮಾಡಲು ಯಜಮಾನರ ಕೆಟ್ಟು ನಿಂತ ಸ್ಕೂಟರನ್ನು ಗುಜರಿಗೆ ಹಾಕಿಸಿಬಿಟ್ಟರು. ಯಜಮಾನರು ಮೂರು ದಿನ ಮಾತು ಬಿಟ್ಟಿದ್ದರಂತೆ. ಶಾಂತಿ ಸಿಕ್ಕಿತು ಎಂದು ಮಾವಶಿ ನಗುತ್ತಿದ್ದರು.

ಅರ್ಜಿಯಲ್ಲಿ ನಾನು ಹೆಮ್ಮೆಯಿಂದ ಬರೆದ ಒಂದು ನಿಯಮವಿತ್ತು. ಬಾಟಲಿಯನ್ನು ನಾವು ತುಂಬಬಾರದು, ಮನೆಯವರೇ ತುಂಬಬೇಕು. ತಮ್ಮ ನೀರಿನ ವಿಜ್ಞಾನಕ್ಕೆ ತಾವೇ ಕೈ ಹಾಕಿದ ಭಾವನೆ ಅವರಿಗೆ ಬರಬೇಕು. ಹಾಗಾಗಿ ನಾನು ಪ್ರತಿ ಮನೆಯ ಪಡಸಾಲೆಯಲ್ಲಿ ಕೂತು ಖಾಲಿ ಬಾಟಲಿ ಕೊಡುತ್ತಿದ್ದೆ, ಒಳಗಿನಿಂದ ತುಂಬಿದ ಬಾಟಲಿ ಬರುತ್ತಿತ್ತು. ಜೊತೆಗೆ ಚಹಾ ಬರುತ್ತಿತ್ತು. ಪರೀಕ್ಷೆ ಅಲ್ಲೇ, ಎಲ್ಲರ ಕಣ್ಣೆದುರು. ನೀರಿಗೆ ಬಣ್ಣ ಹಾಕಿದರೆ ಕೆಂಪಾಗುತ್ತದೆ. ಆಮೇಲೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಂಪು ನೀಲಿಯಾಗಲು ಹನಿ ಹೆಚ್ಚು ಬೇಕಾದಷ್ಟೂ ನೀರು ಗಡಸು ಎಂದರ್ಥ.

ವರ್ಷದ ಕೊನೆಗೆ ಪ್ರತಿಷ್ಠಾನದಿಂದ ಪರಿಶೀಲನೆಗೆ ಬಂದವರು ಬೆಂಗಳೂರಿನ ಒಬ್ಬ ಪ್ರಾಧ್ಯಾಪಕಿ. ಕನ್ನಡದವರು ಎಂದು ನನಗೆ ಸಮಾಧಾನವಾಗಿತ್ತು. ಮಾವಶಿಯ ಅಂಗಳದಲ್ಲಿ ಮೇಜು ಹಾಕಿ, ಎಲ್ಲ ಮನೆಗಳ ಬಾಟಲಿಗಳನ್ನು ಇಟ್ಟಿದ್ದೆವು. ಸಹಾಯಕಿ ಮೊದಲ ಬಾಟಲಿಯ ನೀರಿಗೆ ಹನಿ ಬಿಡಲು ಶುರುಮಾಡಿದಳು. ಕೆಂಪು ತಕ್ಷಣ ನೀಲಿಯಾಯಿತು. ಎರಡನೆಯದೂ ಹಾಗೇ ಆಯಿತು, ಮೂರನೆಯದೂ. ದ್ರಾವಣ ಕೆಟ್ಟಿದೆ ಎಂದುಕೊಂಡು ನಾನು ಹೊಸ ಶೀಶೆಯ ಮುಚ್ಚಳ ತೆಗೆದೆ. ಅದರಲ್ಲೂ ಅಷ್ಟೇ.

“ನೀರು ಚೆನ್ನಾಗೇ ಇದೆಯಲ್ಲ ಸರ್,” ಎಂದರು ಪ್ರಾಧ್ಯಾಪಕಿ. “ಮತ್ತೆ ಮಷೀನ್ ಯಾಕೆ?”

ಮಾವಶಿ ಬಾಯಿ ಹಾಕಿದರು. “ಚಲೋ ಇರಲಾರದ ಏನ್ರಿ? ಊರಿನ ಆ ಕಡಿ ಖಡಕಿ ಅದಲ್ಲಾ, ಅಲ್ಲಿ ನಳದ ನೀರದು. ಮಗಳು ಅಲ್ಲೆ ಕ್ವಾರ್ಟರ್ಸಿನಾಗ ಇರ್ತಾಳ. ನೀವು ಬರ್ತೀರಂತ ಅಳಿಯನ ಕೈಲೆ ನಿನ್ನೆನ ತರಿಸಿ ಎಲ್ಲಾರ ಮನಿಗೂ ಹಂಚೇನಿ.”

“ಪರೀಕ್ಷೆಗೆ ನಿಮ್ಮನೆ ನೀರಲ್ವಾ ಬೇಕಿದ್ದು?” ಎಂದರು ಪ್ರಾಧ್ಯಾಪಕಿ.

“ಬೆಂಗಳೂರಿನಿಂದ ಬಂದವ್ರ ಮುಂದ ಸವಳು ನೀರು ಹೆಂಗ ಇಡೂದ್ರಿ? ನಾಳೆ ನೀವು ಊರಿಗೆ ಹೋಗಿ, ಪುಣೆದಾಗಿನ ನಮ್ಮ ಮಂದಿ ಇಂಥಾ ನೀರು ಇಟ್ರು ಅಂದ್ರ?”

ಹೆಂಗಸರೆಲ್ಲ ನಕ್ಕರು. ಪ್ರಾಧ್ಯಾಪಕಿಯೂ ನಕ್ಕರು. ನಾನೂ ನಗಲು ಶುರುಮಾಡಿದ್ದೆ. ಆಗ ಪ್ರಾಧ್ಯಾಪಕಿ ನನ್ನ ಕಡೆ ಕೈ ತೋರಿಸಿ, ಇವರು ಬಂದಾಗ ಯಾವ ನೀರು ಕೊಡ್ತಿದ್ರಿ ಎಂದು ಕೇಳಿದರು.

“ಇವ್ರಿಗೇನ್ರಿ, ಮನಿಯವ್ರ ಇದ್ದಂಗ. ನಮ್ಮ ನಳದ್ದ ಕೊಡ್ತಿದ್ವಿ.” ಮಾವಶಿ ತಟ್ಟೆಯಲ್ಲಿದ್ದ ಚುರಮುರಿಯನ್ನು ಅತಿಥಿಯ ಕಡೆ ಸರಿಸುತ್ತ ಸೇರಿಸಿದರು: “ಮೊದಮೊದಲಿಗೆ ಅಷ್ಟ ಖಡಕಿದು ಕೊಟ್ವಿ. ಆವಾಗ ಹೊರಗಿನವ್ರಿದ್ರಲ್ಲಾ.”

ಮೊದಮೊದಲು ಎಂದರೆ ಎಷ್ಟು ದಿನ ಎಂದು ಪ್ರಾಧ್ಯಾಪಕಿ ಕೇಳಿದರು. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದರು ಮಾವಶಿ. ಬೇರೆ ಮನೆಯವರು? ಅವರಿಗೂ ನೆನಪಿಲ್ಲ. ಒಬ್ಬರು ತಮ್ಮ ಮನೆಯಲ್ಲಿ ಟ್ಯಾಂಕರ್ ನೀರನ್ನೇ ಕೊಟ್ಟದ್ದು ಎಂದರು. ಎಲ್ಲಿಯವರೆಗೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ನನ್ನ ವರದಿಯ ಪ್ರತಿ ಪ್ರಾಧ್ಯಾಪಕಿಯ ತೊಡೆಯ ಮೇಲೆಯೇ ಇತ್ತು. ಅದರಲ್ಲಿ ಒಂದು ನಕ್ಷೆ. ವರ್ಷದ ಮೊದಲರ್ಧ ಗಡಸುತನದ ಗೆರೆ ತಗ್ಗಿನಲ್ಲಿದೆ, ಆಮೇಲೆ ಮೇಲೇರುತ್ತದೆ. ಬೇಸಿಗೆಯಲ್ಲಿ ನೆಲದಡಿಯ ನೀರು ಇಳಿದು ಲವಣ ಸಾಂದ್ರವಾಗುತ್ತದೆ ಎಂದು ನಾನು ವಿವರಣೆ ಕೊಟ್ಟಿದ್ದೆ. ಗೆರೆ ಒಂದೊಂದು ಮನೆಯಲ್ಲಿ ಒಂದೊಂದು ಹೊತ್ತಿಗೆ ಏರಿದ್ದಕ್ಕೂ ಕಾರಣ ಬರೆದಿದ್ದೆ: ಬೋರ್‌ವೆಲ್‌ಗಳ ಆಳ ಬೇರೆಬೇರೆ. ಈಗ ಅವರು ಆ ಪುಟ ತೆರೆದು ನೋಡಿದರು, ನಾನೂ ನೋಡಿದೆ. ನೆಲದಡಿಯ ನೀರು ಇಳಿದದ್ದೋ, ಅಥವಾ ಒಂದೊಂದು ಮನೆ ಒಂದೊಂದು ದಿನ ನನ್ನನ್ನು ಒಳಗಿನವನೆಂದು ಒಪ್ಪಿಕೊಂಡದ್ದೋ? ಗೆರೆ ನೋಡಿ ಹೇಳಲು ಬರುವಂತಿರಲಿಲ್ಲ.

ಗಡಸುತನ ನಿಜ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಪಾತ್ರೆಗಳ ತಳವನ್ನು ನಾನೇ ನೋಡಿದ್ದೆ. ಆದರೆ ಅನುದಾನ ಕೊಡುವವರಿಗೆ ಪಾತ್ರೆಯ ತಳ ಸಾಲದು, ಇಡೀ ವರ್ಷದ ನಂಬಬಹುದಾದ ಅಳತೆ ಬೇಕು. ನಾನು ಯಾವಾಗ ಒಳಗಿನವನಾದೆ ಎಂದು ಹೇಳಲು ಬಂದರೆ, ಅದಕ್ಕೆ ಹಿಂದಿನದನ್ನು ಬಿಟ್ಟು ಮುಂದಿನದನ್ನು ಉಳಿಸಬಹುದಿತ್ತು. ಯೋಚಿಸಿ ಬರೆಯಿರಿ, ಒಂದು ವಾರ ಕಾಯುತ್ತೇನೆ ಎಂದು ಹೇಳಿ ಪ್ರಾಧ್ಯಾಪಕಿ ಹೋದರು.

ಆ ವಾರ ನಾನು ಮಾಡಿದ ಸಂಶೋಧನೆ ವಿಚಿತ್ರವಾದದ್ದು. ಚಹಾ ಪಿಂಗಾಣಿಯ ಕಪ್ಪು-ಬಸಿಯಲ್ಲಿ ಬರುವುದು ನಿಂತು ಸ್ಟೀಲ್ ಲೋಟದಲ್ಲಿ ಬರತೊಡಗಿದ್ದು ಎಂದಿನಿಂದ? ನಮ್ಮವರ ಮನೆಗಳಲ್ಲಿ ಅದೊಂದು ಗಡಿ. ಕಪ್ಪು-ಬಸಿ ಹೊರಗಿನವರಿಗೆ, ಲೋಟ ಮನೆಯವರಿಗೆ. ದಸರೆಯ ಹೊತ್ತಿಗೇ ಬದಲಾಯಿತು ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು, ಏಕೆಂದರೆ ಆ ದಿನ ಮಾವಶಿ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದಿದ್ದರು. ಹಿಂದೆಯೇ ಲೋಟ ಬಂತು. ಆ ಲೋಟ ಕೈ ಸುಟ್ಟದ್ದೂ ನೆನಪಿದೆ.

ಸಹಾಯಕಿ ಪ್ರಯೋಗಾಲಯದಲ್ಲಿ ಶೀಶೆ ತೊಳೆಯುತ್ತ ಕೇಳಿಸಿಕೊಂಡಳು. “ಸರ್, ಬನ್ನಿ ಕೊಟ್ಟಾಕಿ ಮಾವಶಿ ಅಲ್ಲರಿ, ನಾನು. ಇಲ್ಲೇ ಕಾಲೇಜಿನಾಗ ಕೊಟ್ಟೆ. ದಸರಾಕ್ಕ ನಾವು ಓಣಿಗೆ ಹೋಗೇ ಇಲ್ಲ.”

ಹಾಗಾದರೆ ಲೋಟ ಬಂದದ್ದು ಯಾವಾಗ ಎಂದು ಕೇಳಿದೆ. ಸಂಕ್ರಮಣದ ಮೇಲೆ ಎಂದಳು. ಆದರೆ ಅದು ತನಗೆ ಲೋಟ ಕೊಟ್ಟದ್ದೋ, ನನಗೆ ಕೊಟ್ಟದ್ದೋ ತಿಳಿಯದು ಎಂದಳು. ಆಕೆ ಕಲಬುರಗಿಯವಳು, ಮಾವಶಿಯ ತವರೂ ಆ ಕಡೆಯೇ. ಅವಳು ನನಗಿಂತ ಮೊದಲೇ ಒಳಗಿನವಳಾಗಿರಬಹುದು. ಒಂದೇ ದಿನ ಒಂದೇ ಪಡಸಾಲೆಯಲ್ಲಿ ಕೂತ ಇಬ್ಬರಲ್ಲಿ ಒಬ್ಬರು ಮನೆಯವರು, ಇನ್ನೊಬ್ಬರು ಅತಿಥಿ ಆಗಿದ್ದರೆ ಬಾಟಲಿಗೆ ಯಾವ ನೀರು ತುಂಬುತ್ತಾರೆ?

ಫೋನಿನಲ್ಲಿದ್ದ ಫೋಟೋಗಳನ್ನು ನೋಡಿದೆ. ಬಾಟಲಿಗಳು, ಬಣ್ಣಗಳು, ನಗುವ ಮುಖಗಳು. ಚಹಾದ ಕಪ್ಪನ್ನೋ ಲೋಟವನ್ನೋ ಪ್ರತಿ ಫೋಟೋಕ್ಕೂ ಮೊದಲು ನಾನೇ ಅಚ್ಚುಕಟ್ಟಾಗಿ ಪಕ್ಕಕ್ಕೆ ಸರಿಸಿದ್ದೆ.

ಕೊನೆಗೆ ಮಾವಶಿಯನ್ನೇ ಕೇಳಲು ಹೋದೆ. ಅವರು ಮೆಂತ್ಯ ಸೋಸುತ್ತ ಕೂತಿದ್ದರು. ಹಬ್ಬ ಗಿಬ್ಬ ಏನೂ ಅಲ್ಲ ಎಂದರು. “ನೀವು ನಿಮ್ಮಷ್ಟಕ್ಕ ನೀವ ಇನ್ನೊಂದು ರೊಟ್ಟಿ ಕೇಳಿದ್ರಲ್ಲಾ, ಅವತ್ತಿನಿಂದ. ಒತ್ತಾಯ ಮಾಡಿಸ್ಕೊಳ್ಳೋವರೆಗೂ ಅವ್ರು ಹೊರಗಿನವ್ರ.”

ನಾನು ರೊಟ್ಟಿ ಕೇಳಿದ್ದು ನನಗೆ ನೆನಪಿಲ್ಲ. ಅಲ್ಲಿ ಊಟ ಮಾಡಿದ್ದೇ ಸರಿಯಾಗಿ ನೆನಪಿಲ್ಲ. ಅದು ಯಾವಾಗ ಎಂದು ಕೇಳಿದರೆ, ಎಣ್ಣೆಗಾಯಿ ಮಾಡಿದ್ದೆ ಎಂದರು. ಬದನೆಕಾಯಿ ವರ್ಷವಿಡೀ ಸಿಗುತ್ತದೆ.

ದಸರೆ ಎಂದು ಬರೆದುಬಿಡಬಹುದಿತ್ತು. ಯಾರೂ ಪ್ರಶ್ನಿಸುತ್ತಿರಲಿಲ್ಲ, ಯಂತ್ರ ಬರುತ್ತಿತ್ತು, ಬರಬೇಕಾದದ್ದೂ ಹೌದು. ಎರಡು ದಿನ ಆ ವಾಕ್ಯವನ್ನು ಬರೆದು ಅಳಿಸಿದೆ. ಆದರೆ ಬನ್ನಿ ಎಲೆಯ ಜೊತೆ ಲೋಟದ ಬಿಸಿಯನ್ನೂ ನನ್ನ ಕೈ ಸುಳ್ಳೇ ನೆನಪಿಟ್ಟುಕೊಂಡಿದ್ದರೆ, ಆ ಕೈಯಿಂದ ಏನೆಂದು ಬರೆಯಲಿ? ಮೊದಲ ಭಾಗದ ಅಳತೆಗಳನ್ನು ನಂಬಲಾಗದು, ಅವು ಎಲ್ಲಿ ಮುಗಿದು ನಂಬಬಹುದಾದವು ಎಲ್ಲಿ ಶುರುವಾಗುತ್ತವೆ ಎಂಬುದು ನನಗೆ ತಿಳಿಯದು ಎಂದು ಬರೆದು ಕಳಿಸಿದೆ.

ಉತ್ತರ ಬೇಗ ಬಂತು. ಈ ವರ್ಷ ಯಂತ್ರವಿಲ್ಲ. ಅರ್ಧ ವರ್ಷ ಮತ್ತೆ ಅಳತೆ ಮಾಡಬೇಕು, ಅದಕ್ಕೆ ಹಣವಿದೆ, ಸಹಾಯಕಿಯ ಕೆಲಸವೂ ಅಲ್ಲಿಯವರೆಗೆ ಇದೆ. ಷರತ್ತು ಒಂದೇ: ಬಾಟಲಿಯನ್ನು ಮನೆಯವರು ತುಂಬಬಾರದು, ನಾವೇ ನಳದಿಂದ ಹಿಡಿಯಬೇಕು.

ಮಾವಶಿಗೆ ಹೇಳಿದಾಗ ಅವರು ಗೇಟಿನ ಪಕ್ಕದ ಖಾಲಿ ಜಾಗದ ಕಡೆ ನೋಡಿದರು. “ಅಂದ್ರ, ನಾವು ಬಂದವ್ರಿಗೆ ಕೆಟ್ಟ ನೀರು ಕೊಟ್ಟಿದ್ರ ಮಷೀನ ಬರತಿತ್ತು.” ಒಳಗಿನಿಂದ ಯಜಮಾನರು ತಮ್ಮ ಸ್ಕೂಟರಿನ ವಿಷಯ ಎತ್ತಿದರು.

ಮುಂದಿನ ವಾರ ನಾವು ಬಾಟಲಿಗಳೊಂದಿಗೆ ಹೋದೆವು. ಮಾವಶಿ ಬಾಗಿಲಲ್ಲಿ ಸರಿದು ನಿಂತರು. ನಾನು ಮೊದಲ ಬಾರಿಗೆ ಆ ಅಡುಗೆಮನೆಯೊಳಗೆ ಕಾಲಿಟ್ಟು ನಳ ತಿರುಗಿಸಿ ಬಾಟಲಿ ಹಿಡಿದೆ. ನೀರು ತುಂಬುವವರೆಗೂ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಒಲೆಯ ಪಕ್ಕದಲ್ಲಿ ಖಡಕಿಯ ನೀರಿನ ಕ್ಯಾನು ಇತ್ತು, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಅಂಗಳದ ಪರೀಕ್ಷೆಯಲ್ಲಿ ಹನಿ ಬಿಟ್ಟಷ್ಟೂ ಕೆಂಪು ಉಳಿಯುತ್ತ ಹೋಯಿತು, ನೀಲಿಯಾಗಲು ತಡವಾಯಿತು. ಹೀಗೇ ಅರ್ಧ ವರ್ಷ ನಡೆದರೆ ಯಂತ್ರ ಖಂಡಿತ ಬರುತ್ತದೆ ಎಂದೆ. ಬರಲಿ, ಬಂದಾಗ ನೋಡೋಣ ಎಂದರು ಮಾವಶಿ.

ಆಮೇಲೆ ಚಹಾ ಬಂತು. ನನ್ನದು ಕಪ್ಪು-ಬಸಿಯಲ್ಲಿತ್ತು.

ನಿನಗೆ ಚಹಾ ಯಾವುದರಲ್ಲಿ ಬಂತು ಎಂದು ಬಸ್ಸಿನಲ್ಲಿ ಸಹಾಯಕಿಯನ್ನು ಕೇಳಿದೆ. ತನಗೆ ಒಳಗೇ ಲೋಟದಲ್ಲಿ ಕೊಟ್ಟರು ಎಂದಳು. ಹೋದ ಸಲ ನನಗೆ ಯಾವುದರಲ್ಲಿ ಕೊಟ್ಟಿದ್ದರು, ನೆನಪಿದೆಯೇ ಎಂದೆ.

“ಇಲ್ರಿ ಸರ್. ಆದ್ರ ಮುಂದಿನ ವಾರ ನೀವು ರೊಟ್ಟಿ ಕೇಳಿ ನೋಡ್ರಿ.”